ಪಟ್ಟಿಯಲ್ಲಿ ಏನಿರಬೇಕು, ಏನಿರಬಾರದು: ಕೆಲಸದ ಜಾಗದ ಚೆಕ್‌ಲಿಸ್ಟ್ ಕುರಿತು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಕಾಣುವ ಉದ್ಯೋಗಗಳು ಒಂದಕ್ಕೊಂದು ಹೋಲಿಕೆಯೇ ಇಲ್ಲದಷ್ಟು ಭಿನ್ನವಾಗಿವೆ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಹೊಸಕೋಟೆಯಲ್ಲಿ 1998ರಲ್ಲಿ ಟ್ರಕ್ ತಯಾರಿಕೆ ಆರಂಭಿಸಿದ ವೋಲ್ವೊ ಕಾರ್ಖಾನೆಯಿದೆ. ದೊಡ್ಡಬಳ್ಳಾಪುರದಲ್ಲಿ ತಲೆಮಾರುಗಳಿಂದ ಬಂದ ಮಗ್ಗಗಳ ಜೊತೆಗೆ ಅಪೆರಲ್ ಪಾರ್ಕಿನ ಸಿದ್ಧ ಉಡುಪು ಕಾರ್ಖಾನೆಗಳಿವೆ. ನೆಲಮಂಗಲ, ದಾಬಸ್‌ಪೇಟೆಗಳ ಹೆದ್ದಾರಿಯ ಆಚೀಚೆ ದೊಡ್ಡ ಗೋದಾಮುಗಳು ಎದ್ದಿವೆ. ಇವೆಲ್ಲವುಗಳಲ್ಲೂ ಯಂತ್ರದ ಪಕ್ಕದಲ್ಲೋ ಮೇಲ್ವಿಚಾರಕರ ಮೇಜಿನ ಮೇಲೋ ತಪ್ಪದೆ ಕಾಣಸಿಗುವ ಒಂದು ಸಾಧನವೆಂದರೆ ಚೆಕ್‌ಲಿಸ್ಟ್, ಅಂದರೆ ಕೆಲಸದ ಒಂದು ಹಂತವನ್ನು ದಾಟುವ ಮುನ್ನ ಇಂತಿಂಥವು ಆಗಿವೆಯೇ ಎಂದು ತಾಳೆ ನೋಡಿಕೊಳ್ಳುವ ಪಟ್ಟಿ. ಅಗ್ಗದಲ್ಲಿ ದೊರೆಯುವ, ವಿದ್ಯುತ್ತು ಬೇಡದ, ಜೀವ ಉಳಿಸಬಲ್ಲ ಈ ಸಾಧನ ಬಹುತೇಕ ಕಡೆ ಫೈಲಿನ ಹೊಟ್ಟೆ ತುಂಬಿಸುವ ಕಾಗದವಾಗಿ ಉಳಿದಿರುವುದಕ್ಕೆ ಕಾರ್ಮಿಕರ ಅಸಡ್ಡೆಯನ್ನು ದೂರುವುದು ರೂಢಿ. ಆದರೆ ಪಟ್ಟಿಯ ಪರಿಣಾಮ ಬಹುಮಟ್ಟಿಗೆ ಅದನ್ನು ರೂಪಿಸುವ ಹೊತ್ತಿನಲ್ಲೇ, ಅದರಿಂದ ಏನನ್ನು ಹೊರಗಿಡಲಾಯಿತು, ಅದನ್ನು ಯಾವ ಗಳಿಗೆಯಲ್ಲಿ ಓದಬೇಕೆಂದು ಗೊತ್ತುಮಾಡಲಾಯಿತು, ಅದು ಎಂಥ ಉತ್ತರವನ್ನು ಕೇಳುತ್ತದೆ ಎಂಬುದರಲ್ಲೇ ತೀರ್ಮಾನವಾಗಿರುತ್ತದೆ.

ಕೆಲಸದ ಜಾಗದಲ್ಲಿ ಮೂರು ಬಗೆಯ ಬರಹಗಳಿಗೆ ಒಂದೇ ಹೆಸರು ಹೇಳುವುದರಿಂದ ಮೊದಲ ಗೊಂದಲ ಹುಟ್ಟುತ್ತದೆ. ಒಂದನೆಯದು ಕಾರ್ಯವಿಧಾನ: ಹೊಸಬರಿಗೆ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಕಲಿಸುವ, ಎಷ್ಟು ಉದ್ದವಿದ್ದರೂ ತಪ್ಪಿಲ್ಲದ ಬರಹ. ಎರಡನೆಯದು ದಾಖಲೆ: ತಪಾಸಣೆಗೆ ಬರುವ ಅಧಿಕಾರಿಗೋ, ಹೊರದೇಶದ ಖರೀದಿದಾರರ ಪರವಾಗಿ ಬರುವ ಆಡಿಟರಿಗೋ ತೋರಿಸಲು ಇಡುವ ಲೆಕ್ಕ. ಮೂರನೆಯದು ಚೆಕ್‌ಲಿಸ್ಟ್: ಕೆಲಸವನ್ನು ಚೆನ್ನಾಗಿ ಬಲ್ಲವರು, ಬಲ್ಲವರಾಗಿದ್ದೂ ಮರೆಯಬಹುದಾದ ಕೆಲವೇ ಅಂಶಗಳನ್ನು ಸಮಯಕ್ಕೆ ಸರಿಯಾಗಿ ನೆನಪಿಗೆ ತಂದುಕೊಳ್ಳುವ ಸಾಧನ. ಈ ಮೂರೂ ಕೆಲಸಗಳನ್ನು ಒಂದೇ ಹಾಳೆಯ ತಲೆಗೆ ಕಟ್ಟಿದಾಗ ಪಟ್ಟಿ ಅರವತ್ತು ಎಪ್ಪತ್ತು ಸಾಲುಗಳಿಗೆ ಬೆಳೆಯುತ್ತದೆ, ಪಾಳಿ ಮುಗಿಯುವ ಹೊತ್ತಿಗೆ ಒಂದೇ ಪೆನ್ನಿನಿಂದ ಒಂದೇ ಓಟದಲ್ಲಿ ಎಲ್ಲ ಸಾಲುಗಳಿಗೂ ಸರಿ ಗುರುತು ಬೀಳುತ್ತದೆ, ಮತ್ತು ನಡೆಯದ ಪರಿಶೀಲನೆ ನಡೆದಂತೆ ದಾಖಲಾಗುತ್ತದೆ. ಪಟ್ಟಿಯೇ ಇಲ್ಲದ ಸ್ಥಿತಿಗಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಪಟ್ಟಿ ಇಲ್ಲದಿದ್ದಾಗ ಎಚ್ಚರದಿಂದಿರಬಹುದಾಗಿದ್ದ ಮೇಲ್ವಿಚಾರಕರು ಹಾಳೆಯನ್ನು ನಂಬಿ ನಿಶ್ಚಿಂತರಾಗುತ್ತಾರೆ.

ಚೆಕ್‌ಲಿಸ್ಟ್ ಬಳಕೆ ವ್ಯವಸ್ಥಿತವಾಗಿ ಬೇರೂರಿದ್ದು ವಿಮಾನಯಾನದಲ್ಲಿ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ, ಮಾಡೆಲ್ 299, ಪರೀಕ್ಷಾ ಹಾರಾಟದಲ್ಲಿ ಮೇಲೇರುತ್ತಲೇ ಕೆಳಗೆ ಬಿತ್ತು. ನೆಲದ ಮೇಲೆ ನಿಂತಿರುವಾಗ ಗಾಳಿಗೆ ಚಾಲನಾ ಫಲಕಗಳು ಅಲುಗಾಡದಂತೆ ಹಾಕುವ ಬೀಗವನ್ನು ಹಾರುವ ಮುನ್ನ ತೆಗೆದಿರಲಿಲ್ಲ. ವಿಮಾನ ನಡೆಸುತ್ತಿದ್ದವರು ಅನನುಭವಿಗಳೇನೂ ಆಗಿರಲಿಲ್ಲ. ಹೆಚ್ಚಿನ ತರಬೇತಿಯಿಂದ ಇಂಥ ಮರೆವನ್ನು ನಿವಾರಿಸಲಾಗದು ಎಂದು ಮನಗಂಡ ವೈಮಾನಿಕರು ಹಾರುವ ಮುನ್ನ, ಇಳಿಯುವ ಮುನ್ನ ಓದಿಕೊಳ್ಳುವ ಚಿಕ್ಕ ಪಟ್ಟಿಗಳನ್ನು ಸಿದ್ಧಪಡಿಸಿಕೊಂಡರು. ದೇವನಹಳ್ಳಿಯ ರನ್‌ವೇಯಿಂದ ಇಂದು ಮೇಲೇರುವ ಪ್ರತಿಯೊಂದು ಪ್ರಯಾಣಿಕ ವಿಮಾನದ ಕಾಕ್‌ಪಿಟ್‌ನಲ್ಲಿಯೂ ಆ ಪದ್ಧತಿಯೇ ಮುಂದುವರಿದಿದೆ.

ಸಾಮಾನ್ಯ ನೌಕರರ ಪಾಲಿಗೆ ಚೆಕ್‌ಲಿಸ್ಟಿನ ಅರ್ಥವನ್ನು ಇದಕ್ಕಿಂತ ಹತ್ತಿರದಿಂದ ತಿಳಿಯಲು ಚುನಾವಣಾ ಕರ್ತವ್ಯ ಒಳ್ಳೆಯ ಉದಾಹರಣೆ. 2023ರ ಮೇ 10ರಂದು ಕರ್ನಾಟಕ ವಿಧಾನಸಭೆಗೆ ಮತದಾನ ನಡೆದಾಗ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಕ್ಷೇತ್ರಗಳಲ್ಲಿಯೂ ರಾಜ್ಯದ ಉಳಿದೆಡೆಯಂತೆ ಶಿಕ್ಷಕರು ಮತ್ತು ಬೇರೆ ಬೇರೆ ಇಲಾಖೆಗಳ ನೌಕರರು ಮತಗಟ್ಟೆ ಅಧಿಕಾರಿಗಳಾಗಿ ದುಡಿದರು. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರಗಳನ್ನು, ಕಾಗದಪತ್ರಗಳನ್ನು ಎಣಿಸಿ ಪಡೆದು, ಸಂಜೆಯ ವೇಳೆಗೆ ಮತಗಟ್ಟೆ ಸೇರಿ, ಶಾಲೆಯ ಕೊಠಡಿಯಲ್ಲೇ ರಾತ್ರಿ ಕಳೆದು, ಬೆಳಿಗ್ಗೆ ಏಳಕ್ಕೆ ಆರಂಭವಾಗುವ ಮತದಾನಕ್ಕೆ ತೊಂಬತ್ತು ನಿಮಿಷ ಮೊದಲು, ಅಂದರೆ ಐದೂವರೆಗೆ, ಅಣಕು ಮತದಾನ ಆರಂಭಿಸುವುದು ಇವರ ಹೊಣೆ. ಅಣಕು ಮತದಾನವೆಂದರೆ ಯಂತ್ರ ಸರಿಯಾಗಿದೆ ಎಂದು ಅಭ್ಯರ್ಥಿಗಳ ಏಜೆಂಟರಿಗೆ ಮನವರಿಕೆ ಮಾಡಿಕೊಡಲು ಅವರ ಎದುರಿನಲ್ಲೇ ಕನಿಷ್ಠ 50 ಮತಗಳನ್ನು ಹಾಕಿ ನೋಡುವ ಕ್ರಮ. ಆ ಬಳಿಕ ಕಂಟ್ರೋಲ್ ಯೂನಿಟ್ಟಿನಲ್ಲಿ ಮೊದಲು ಕ್ಲೋಸ್, ನಂತರ ರಿಸಲ್ಟ್, ಕೊನೆಗೆ ಕ್ಲಿಯರ್ ಗುಂಡಿಗಳನ್ನು ಇದೇ ಅನುಕ್ರಮದಲ್ಲಿ ಒತ್ತಬೇಕು. ವಿವಿಪ್ಯಾಟ್ ಪೆಟ್ಟಿಗೆಯಲ್ಲಿ ಬಿದ್ದ ಚೀಟಿಗಳನ್ನು ಹೊರತೆಗೆದು ಎಣಿಕೆಯೊಡನೆ ತಾಳೆ ನೋಡಿ, ಅವುಗಳ ಹಿಂದೆ ಅಣಕು ಮತದಾನದ ಮುದ್ರೆ ಹಾಕಿ, ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡಬೇಕು.

ಈ ಕೆಲಸದ ಲಕ್ಷಣಗಳನ್ನು ಗಮನಿಸಿದರೆ ಚೆಕ್‌ಲಿಸ್ಟ್ ಎಲ್ಲಿ ಬೇಕಾಗುತ್ತದೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ನೌಕರರು ಅದನ್ನು ದಿನವೂ ಮಾಡುವುದಿಲ್ಲ, ವರ್ಷಗಳ ಅಂತರದಲ್ಲಿ ಒಮ್ಮೆ ಮಾಡುತ್ತಾರೆ. ನಿದ್ದೆ ಸಾಲದ ಮುಂಜಾವಿನಲ್ಲಿ, ಏಜೆಂಟರ ಪ್ರಶ್ನೆಗಳ ನಡುವೆ, ಹೊರಗೆ ಸಾಲು ಬೆಳೆಯುತ್ತಿರುವಾಗ ಮಾಡುತ್ತಾರೆ. ಕ್ಲಿಯರ್ ಗುಂಡಿ ಒತ್ತುವುದನ್ನು ಮರೆತರೆ ಆ ಕ್ಷಣದಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ, ಮತದಾನ ನಿರಾತಂಕವಾಗಿ ಸಾಗುತ್ತದೆ, ಆದರೆ ಅಣಕು ಮತಗಳು ನಿಜವಾದ ಮತಗಳೊಡನೆ ಬೆರೆತುಹೋಗುತ್ತವೆ. ಹಾಗಾದ ಮತಗಟ್ಟೆಯ ಯಂತ್ರವನ್ನು ಎಣಿಕೆಯ ದಿನ ಬದಿಗಿರಿಸಬೇಕಾಗುತ್ತದೆ, ಗೆಲುವಿನ ಅಂತರ ತೀರಾ ಕಡಿಮೆಯಿದ್ದರೆ ವಿವಿಪ್ಯಾಟ್ ಚೀಟಿಗಳ ಮೊರೆ ಹೋಗಬೇಕಾಗುತ್ತದೆ. ತಪ್ಪು ನಡೆದ ಗಳಿಗೆಗೂ ಅದರ ಫಲ ಕಾಣುವ ಗಳಿಗೆಗೂ ನಡುವೆ ದೂರವಿದ್ದಾಗ, ಮತ್ತು ತಪ್ಪನ್ನು ಯಂತ್ರವೇ ತಡೆಯದಿದ್ದಾಗ, ಪಟ್ಟಿಗೆ ನಿಜವಾದ ಕೆಲಸವಿರುತ್ತದೆ. ಚುನಾವಣಾ ಆಯೋಗ ಈ ಮೂರು ಗುಂಡಿಗಳ ಅನುಕ್ರಮವನ್ನು ಅವುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಸಿಆರ್‌ಸಿ ಎಂದು ಹೆಸರಿಸಿ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿಸುವುದು ವಿವೇಕದ ಕ್ರಮ. ದಪ್ಪ ಕೈಪಿಡಿಯ ನೂರಾರು ಸೂಚನೆಗಳಲ್ಲಿ ಈ ಮೂರನ್ನು ಬೇರ್ಪಡಿಸಿ ಎತ್ತಿ ಹಿಡಿದಿರುವುದರಲ್ಲೇ ಅದರ ಬೆಲೆಯಿದೆ.

ಇದರಿಂದ ಅಂಶಗಳ ಆಯ್ಕೆಗೆ ಎರಡು ಒರೆಗಲ್ಲುಗಳು ದೊರೆಯುತ್ತವೆ. ಒಂದು, ಈ ಅಂಶ ತಪ್ಪಿದರೆ ಆಗುವ ಹಾನಿ ದೊಡ್ಡದೇ? ಎರಡು, ಅನುಭವಿಗಳೂ ಇದನ್ನು ಮರೆಯುವ ಸಂಭವವಿದೆಯೇ? ಎರಡಕ್ಕೂ ಹೌದೆನಿಸಿದ ಅಂಶ ಮಾತ್ರ ಪಟ್ಟಿಗೆ ಸೇರಬೇಕು. ಹಾನಿ ದೊಡ್ಡದಾದರೂ ಯಾರೂ ಮರೆಯದ ಕ್ರಿಯೆಗಳು ಇರುತ್ತವೆ. ಹೊಲಿಗೆ ಯಂತ್ರಕ್ಕೆ ದಾರ ಏರಿಸಿದೆಯೇ ಎಂದು ಕೇಳುವುದು ಹೊಲಿಯುವವರನ್ನು ಅವಮಾನಿಸಿದಂತೆ. ಮರೆವು ಸಹಜವಾದರೂ ಹಾನಿ ಅಲ್ಪವಾದ ಸಂಗತಿಗಳು ಕಾರ್ಯವಿಧಾನದ ಪುಸ್ತಕದಲ್ಲಿದ್ದರೆ ಸಾಕು. ಬೋಯಿಂಗ್ ಸಂಸ್ಥೆಯಲ್ಲಿ ದಶಕಗಳ ಕಾಲ ಚೆಕ್‌ಲಿಸ್ಟ್ ರೂಪಿಸಿದ ಡೇನಿಯಲ್ ಬೂರ್ಮನ್ ಒಂದು ಪಟ್ಟಿಗೆ ಐದರಿಂದ ಒಂಬತ್ತು ಅಂಶಗಳಷ್ಟೇ ಇರಲೆಂದು ಸಲಹೆ ನೀಡಿರುವುದನ್ನು ಶಸ್ತ್ರವೈದ್ಯ ಅತುಲ್ ಗವಾಂಡೆ 2009ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಈ ಸಂಖ್ಯೆ ಕಟ್ಟುನಿಟ್ಟಿನದಲ್ಲವಾದರೂ, ಹತ್ತನೆಯ ಅಂಶವನ್ನು ಸೇರಿಸುವವರು ಉಳಿದ ಒಂಬತ್ತರ ಮೇಲಿನ ಗಮನವನ್ನು ಅಷ್ಟರಮಟ್ಟಿಗೆ ಕಸಿಯುತ್ತಿದ್ದಾರೆ ಎಂಬ ಎಚ್ಚರ ಅವಶ್ಯ.

ಅಂಶಗಳಷ್ಟೇ ಮಹತ್ವದ್ದು ಗಳಿಗೆಯ ಆಯ್ಕೆ. ಕೆಲಸ ಸಹಜವಾಗಿ ನಿಲ್ಲುವ, ಅಲ್ಲಿಂದ ಮುಂದೆ ಹೋದರೆ ತಪ್ಪನ್ನು ತಿದ್ದುವುದು ಕಷ್ಟವಾಗುವ ಜಾಗವನ್ನು ವಿರಾಮದ ಬಿಂದು ಎನ್ನಬಹುದು. ನೆಲಮಂಗಲದ ಗೋದಾಮುಗಳಂಥ ಕಡೆ ಸರಕು ಇಳಿಸಲು ಬಂದ ಲಾರಿ ಹಿಮ್ಮುಖವಾಗಿ ಬಂದು ಕಟ್ಟೆಗೆ ತಾಗಿ ನಿಂತ ಮೇಲೆ, ಫೋರ್ಕ್‌ಲಿಫ್ಟ್ ಲಾರಿಯೊಳಕ್ಕೆ ಹೋಗುವ ಮುಂಚಿನ ಗಳಿಗೆ ಅಂಥದು. ಫೋರ್ಕ್‌ಲಿಫ್ಟ್ ಒಳಗಿರುವಾಗ ಲಾರಿ ಮುಂದೆ ಸರಿದರೆ ಸಾವು ಸಂಭವಿಸಬಹುದು. ಅಲ್ಲಿ ಕೇಳಬೇಕಾದವು ಎರಡೇ ಪ್ರಶ್ನೆಗಳು: ಲಾರಿಯ ಕೀಲಿ ಈಗ ಯಾರ ಕೈಯಲ್ಲಿದೆ, ಚಕ್ರಕ್ಕೆ ಅಡ್ಡ ಕೊಟ್ಟಿದೆಯೇ. ಇದನ್ನೇ ಬೆಳಗಿನ ಸಭೆಯಲ್ಲಿ ಇಪ್ಪತ್ತು ಸೂಚನೆಗಳ ನಡುವೆ ಓದಿ ಮುಗಿಸಿದರೆ ಮಧ್ಯಾಹ್ನ ಬಂದ ಲಾರಿಗೆ ಅದರಿಂದ ಉಪಯೋಗವಿಲ್ಲ. ಪಟ್ಟಿಯ ಬಳಕೆಯಲ್ಲಿಯೂ ಎರಡು ವಿಧಾನಗಳಿವೆ. ಅಪರೂಪದ ಅಥವಾ ತುರ್ತಿನ ಕೆಲಸಗಳಿಗೆ ಒಂದೊಂದೇ ಸಾಲನ್ನು ಓದುತ್ತ ಮಾಡುವುದು ಸರಿಯಾದುದು; ದಿನನಿತ್ಯದ ಕೆಲಸಗಳಿಗೆ ಮೊದಲು ತಮ್ಮ ರೂಢಿಯಂತೆ ಮಾಡಿ ಮುಗಿಸಿ, ನಂತರ ನಿಂತು ಖಚಿತಪಡಿಸಿಕೊಳ್ಳುವುದು ಮೇಲು. ನುರಿತ ಕೆಲಸಗಾರರನ್ನು ಮೊದಲನೆಯ ವಿಧಾನಕ್ಕೆ ಬಲವಂತವಾಗಿ ಕಟ್ಟಿಹಾಕುವುದರಿಂದಲೇ ಎಷ್ಟೋ ಕಡೆ ಪಟ್ಟಿಯ ಬಗ್ಗೆ ಬೇಸರ ಹುಟ್ಟಿದೆ.

ಪ್ರಶ್ನೆಯ ಮಾತು ಹೇಗಿರಬೇಕು ಎಂಬುದನ್ನು ಎರಡು ವಿಮಾನ ದುರಂತಗಳು ಕಲಿಸುತ್ತವೆ. 1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ ವಿಮಾನ, ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳನ್ನು ಚಾಚದೆ ಹಾರಲೆತ್ನಿಸಿ ಬಿದ್ದು 156 ಜನ ಸತ್ತರು. ಆ ಹಂತದ ಪಟ್ಟಿಯನ್ನು ಅಂದು ಓದಿರಲೇ ಇಲ್ಲ. ಒಂದು ವರ್ಷದ ಬಳಿಕ, 1988ರ ಆಗಸ್ಟ್ 31ರಂದು, ಡಲ್ಲಾಸ್‌ನಲ್ಲಿ ಡೆಲ್ಟಾ ಸಂಸ್ಥೆಯ ವಿಮಾನ ಅದೇ ಕಾರಣಕ್ಕೆ ಬಿದ್ದು 14 ಜನ ಸತ್ತರು. ಆದರೆ ಇಲ್ಲಿ ಪಟ್ಟಿಯನ್ನು ಓದಲಾಗಿತ್ತು, ಫ್ಲಾಪ್ ಕುರಿತ ಪ್ರಶ್ನೆಗೆ ಉತ್ತರವೂ ಬಂದಿತ್ತು. ದಿನವೂ ಹೇಳಿ ಬಾಯಿಪಾಠವಾದ ಉತ್ತರ ಕಣ್ಣು ಸನ್ನೆಕೋಲಿನ ಕಡೆ ಹೊರಳುವ ಮೊದಲೇ ನಾಲಿಗೆಯಿಂದ ಹೊರಬಿದ್ದಿತ್ತು. ಓದದ ಪಟ್ಟಿಯೂ ಯಾಂತ್ರಿಕವಾಗಿ ಓದಿದ ಪಟ್ಟಿಯೂ ಕೊನೆಗೆ ಒಂದೇ ಕಡೆಗೆ ಒಯ್ಯುತ್ತವೆ. ಆದ್ದರಿಂದ ಹೌದು, ಸರಿ, ಆಗಿದೆ ಎಂಬ ಉತ್ತರಗಳಿಗೆ ಎಡೆಗೊಡದೆ, ನೋಡದೆ ಹೇಳಲಾಗದ ಉತ್ತರವನ್ನು ಪ್ರಶ್ನೆ ಬೇಡಬೇಕು: ಒಂದು ಅಂಕಿ, ಒಂದು ಹೆಸರು, ಒಂದು ವಸ್ತು.

ದೊಡ್ಡಬಳ್ಳಾಪುರದ ಸುತ್ತಮುತ್ತಲಂತೆ ಬಟ್ಟೆ, ಬಣ್ಣದ ಕೆಲಸಗಳಿರುವ ಯಾವುದೇ ಪ್ರದೇಶದಲ್ಲಿ ತ್ಯಾಜ್ಯ ನೀರಿನ ತೊಟ್ಟಿಗೆ ಇಳಿದು ಶುಚಿಗೊಳಿಸುವ ಕೆಲಸ ಬರುತ್ತದೆ, ಮತ್ತು ಅಲ್ಲಿ ಪಟ್ಟಿಯ ಒಂದೊಂದು ಪದವೂ ಜೀವದ ಪ್ರಶ್ನೆಯಾಗುತ್ತದೆ. ಹಲವು ದಶಕ ಈ ದೇಶದ ಕಾರ್ಖಾನೆಗಳನ್ನು ಆಳಿದ 1948ರ ಕಾರ್ಖಾನೆಗಳ ಕಾಯ್ದೆಯ 36ನೆಯ ಕಲಂ, ತೊಟ್ಟಿ, ಗುಂಡಿ, ಕೊಳವೆಗಳಂಥ ಇಕ್ಕಟ್ಟಿನ ಜಾಗದೊಳಗೆ ವಿಷಾನಿಲ ಇಲ್ಲವೆಂದು ಅರ್ಹ ವ್ಯಕ್ತಿ ತಾನೇ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡುವವರೆಗೆ, ಇಲ್ಲವೇ ಇಳಿಯುವವರು ಉಸಿರಾಟದ ಸಾಧನ ತೊಟ್ಟು, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತವರು ಹಿಡಿದುಕೊಂಡಿರುವ ಹೊರತು, ಯಾರನ್ನೂ ಒಳಗೆ ಇಳಿಸಕೂಡದು ಎಂದು ವಿಧಿಸಿತ್ತು. ಈ ವಿಧಿಯನ್ನು ಪಾಲಿಸುವ ಹೆಸರಿನಲ್ಲಿ ಬರೆಯಲಾಗುವ ಸಾಮಾನ್ಯ ಸಾಲು, ಸುರಕ್ಷತಾ ಕ್ರಮಗಳನ್ನು ಕೈಗೊಳ್ಳಲಾಗಿದೆಯೇ, ಹೌದು ಅಥವಾ ಇಲ್ಲ, ಎಂಬುದು. ಈ ಸಾಲಿಗೆ ತೊಟ್ಟಿಯ ಹತ್ತಿರ ಹೋಗದೆಯೇ ಉತ್ತರಿಸಬಹುದು. ಅದರ ಬದಲು, ಅನಿಲ ಮಾಪಕವನ್ನು ತೊಟ್ಟಿಯ ಮೇಲ್ಭಾಗ, ನಡುಭಾಗ, ತಳಗಳಿಗೆ ಇಳಿಸಿದಾಗ ಆಮ್ಲಜನಕ ಶೇಕಡಾ ಎಷ್ಟು ತೋರಿಸಿತು ಎಂದು ಕೇಳಿ ಮೂರು ಖಾಲಿ ಚೌಕಗಳನ್ನು ಬಿಟ್ಟರೆ, ಮಾಪಕವನ್ನು ಇಳಿಸದೆ ಅವುಗಳನ್ನು ಪ್ರಾಮಾಣಿಕವಾಗಿ ತುಂಬಲಾಗದು. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9ರಷ್ಟಿರುತ್ತದೆ, 19.5ಕ್ಕಿಂತ ಕಡಿಮೆಯಾದರೆ ಇಳಿಯಬಾರದು ಎಂಬುದನ್ನು ಚೌಕದ ಪಕ್ಕದಲ್ಲೇ ಮುದ್ರಿಸಿರಬೇಕು, ಏಕೆಂದರೆ ಆ ಗಳಿಗೆಯಲ್ಲಿ ಯಾರೂ ಪುಸ್ತಕ ತೆರೆಯುವುದಿಲ್ಲ. ತಳದ ಅಳತೆಯನ್ನು ಪ್ರತ್ಯೇಕವಾಗಿ ಕೇಳುವುದಕ್ಕೂ ಕಾರಣವಿದೆ: ಕೊಳೆತ ಕೆಸರಿನಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾಗಿದ್ದು ಕೆಳಗೆ ಮಡುಗಟ್ಟುತ್ತದೆ, ಮತ್ತು ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ವಾಸನೆ ಇಲ್ಲವೆಂಬ ನಂಬಿಕೆ ಮೋಸಗೊಳಿಸುತ್ತದೆ.

ಅದೇ ಪಟ್ಟಿಯ ಮತ್ತೊಂದು ಸಾಲು, ಹಗ್ಗದ ಮೇಲಿನ ತುದಿಯನ್ನು ಹಿಡಿದಿರುವವರ ಹೆಸರೇನು ಎಂದು ಕೇಳಬೇಕು. ಹೆಸರು ಬರೆದ ಮೇಲೆ ಆ ವ್ಯಕ್ತಿಯನ್ನು ನಡುವೆ ಬೇರೆ ಕೆಲಸಕ್ಕೆ ಕರೆಯುವುದು ಮೇಲ್ವಿಚಾರಕರಿಗೆ ಸುಲಭವಾಗುವುದಿಲ್ಲ. ಕೊನೆಯ ಸಾಲು, ಒಳಗಿನವರು ಕುಸಿದರೆ ಮೇಲಿನವರು ಇಳಿಯದೆ ಮಾಡಬೇಕಾದುದೇನು ಎಂಬುದನ್ನು ಬಾಯಿಬಿಟ್ಟು ಹೇಳಿಸಬೇಕು. ಇಂಥ ತೊಟ್ಟಿಗಳಲ್ಲಿ ಮೊದಲು ಬಿದ್ದವರನ್ನು ಎತ್ತಲು ಧಾವಿಸಿದ ಜೊತೆಗಾರರೂ ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡ ದುರಂತಗಳು ಈ ದೇಶದಲ್ಲಿ ಮತ್ತೆ ಮತ್ತೆ ಆಗುತ್ತಿವೆ. ನಾಲ್ಕೈದು ಸಾಲಿನ ಇಂಥ ಹಾಳೆ, ಗೋಡೆಯ ಮೇಲಿನ ಸುರಕ್ಷತೆಯ ಘೋಷಣೆಗಳು ಮಾಡಲಾಗದ ಕೆಲಸವನ್ನು ಮಾಡಬಲ್ಲದು.

ಉತ್ತರವಾಗಿ ವಸ್ತುವನ್ನೇ ಬೇಡುವ ಕ್ರಮಕ್ಕೆ ಸಿದ್ಧ ಉಡುಪು ಉದ್ಯಮದಲ್ಲಿ ಸೊಗಸಾದ ಮಾದರಿಯೊಂದು ರೂಢಿಯಲ್ಲಿದೆ. ಹೊಲಿಗೆ ಯಂತ್ರದ ಸೂಜಿ ಮುರಿದಾಗ ಅದರ ಚೂರು ಬಟ್ಟೆಯಲ್ಲಿ ಉಳಿದು, ಮುಖ್ಯವಾಗಿ ಮಕ್ಕಳ ಉಡುಪಿನಲ್ಲಿ, ಚುಚ್ಚುವ ಅಪಾಯವಿರುವುದರಿಂದ, ಮುರಿದ ಎಲ್ಲ ಚೂರುಗಳನ್ನೂ ಹುಡುಕಿ ತಂದು ರಿಜಿಸ್ಟರಿನ ಹಾಳೆಗೆ ಅಂಟಿಸಿ, ಜೋಡಿಸಿದಾಗ ಪೂರ್ತಿ ಸೂಜಿಯಾಗುತ್ತದೆಂದು ಕಂಡ ಬಳಿಕವೇ ಹೊಸ ಸೂಜಿ ಕೊಡುವ ಪದ್ಧತಿ ಅದು. ಚೂರು ಸಿಗದಿದ್ದರೆ ಆ ಜಾಗದ ಬಟ್ಟೆಗಳನ್ನೆಲ್ಲ ಲೋಹ ಪತ್ತೆ ಯಂತ್ರದ ಪರೀಕ್ಷೆಗೆ ಒಡ್ಡುತ್ತಾರೆ. ಇಲ್ಲಿ ದಾಖಲೆ ಮತ್ತು ಪರಿಶೀಲನೆ ಬೇರೆ ಬೇರೆಯಾಗಿ ಉಳಿಯುವುದಿಲ್ಲ, ಸುಳ್ಳು ಗುರುತಿಗೆ ಜಾಗವೂ ಇಲ್ಲ.

ಒಳ್ಳೆಯ ಪಟ್ಟಿಯಿಂದಲೂ ಏನು ಆಗದು ಎಂಬುದನ್ನು ಅರಿಯಲು ವೈದ್ಯಕೀಯ ಕ್ಷೇತ್ರದ ಅನುಭವ ನೆರವಾಗುತ್ತದೆ, ಮತ್ತು ಆ ಕಥೆಯ ಒಂದು ಮುಖ್ಯ ಅಧ್ಯಾಯ ಕರ್ನಾಟಕದಲ್ಲೇ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟ್ ನಾಲ್ಕು ವಿರಾಮದ ಬಿಂದುಗಳನ್ನು ಗುರುತಿಸುತ್ತದೆ: ತಾಯಿ ಆಸ್ಪತ್ರೆಗೆ ದಾಖಲಾದಾಗ, ಹೆರಿಗೆಗೆ ತುಸು ಮೊದಲು, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳುಹಿಸುವ ಮುನ್ನ. 2010ರಲ್ಲಿ ಇದನ್ನು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಾಯೋಗಿಕವಾಗಿ ಬಳಸಿ ನೋಡಿದಾಗ, ಪ್ರತಿ ಹೆರಿಗೆಯಲ್ಲಿ ಆಗಲೇಬೇಕಾದ 29 ಕ್ರಮಗಳ ಪೈಕಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು, ಪಟ್ಟಿ ಬಂದ ಮೇಲೆ 25 ನಡೆದವು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಮಗುವನ್ನು ಬೆಚ್ಚಗಿಡುವುದು ಮೊದಲಾದ ಇವು ದಾದಿಯರಿಗೆ ಗೊತ್ತಿಲ್ಲದ ಸಂಗತಿಗಳೇನೂ ಆಗಿರಲಿಲ್ಲ.

ಈ ಫಲಿತಾಂಶದಿಂದ ಉತ್ತೇಜಿತವಾಗಿ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶ ಮಿಶ್ರವಾಗಿತ್ತು. ಮಾರ್ಗದರ್ಶಕರು ಬಂದು ಜೊತೆಗೆ ನಿಂತು ಹೇಳಿಕೊಡುತ್ತಿದ್ದಷ್ಟು ಕಾಲ ಕ್ರಮಗಳ ಪಾಲನೆ ಗಣನೀಯವಾಗಿ ಏರಿತು, ಅವರ ಭೇಟಿಗಳು ನಿಂತ ಮೇಲೆ ಇಳಿಯಿತು, ತಾಯಿ ಮತ್ತು ಶಿಶುಗಳ ಸಾವಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯ 19 ಅಂಶಗಳ ಪಟ್ಟಿಯ ಕಥೆಯೂ ಇದೇ ಜಾಡಿನದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದದ್ದನ್ನು 2009ರ ವರದಿ ತಿಳಿಸಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತದ ನೂರೊಂದು ಆಸ್ಪತ್ರೆಗಳಲ್ಲಿ ಅದನ್ನು ಜಾರಿಗೆ ತಂದ ಬಳಿಕ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲವೆಂದು 2014ರ ಅಧ್ಯಯನ ಹೇಳಿತು. ಹಾಳೆಯನ್ನು ಮೇಲಿನಿಂದ ಇಳಿಸುವುದು ಸುಲಭ, ಅದನ್ನು ಓದುವ ಅಭ್ಯಾಸವನ್ನು ಇಳಿಸುವುದು ಸುಲಭವಲ್ಲ.

ಇದರಿಂದ ರೂಪಿಸುವವರಿಗೆ ದೊರೆಯುವ ಒಂದು ಪಾಠಕ್ಕೆ ಹೆಚ್ಚು ಒತ್ತು ಕೊಡಬೇಕಾಗಿದೆ: ಕೆಲಸಗಾರರ ಕೈಯಲ್ಲಿಲ್ಲದ ಸಂಗತಿಯನ್ನು ಅವರ ಪಟ್ಟಿಗೆ ಹಾಕಬಾರದು. ಕೈಗವಸಿನ ದಾಸ್ತಾನು ಮುಗಿದಿರುವ ಕಡೆ ಕೈಗವಸು ಧರಿಸಿದ್ದೀರಾ ಎಂದು ದಿನವೂ ಕೇಳುವ ಪಟ್ಟಿ ಕೆಲಸಗಾರರಿಗೆ ಸುಳ್ಳು ಬರೆಯುವುದನ್ನು ಕಲಿಸುತ್ತದೆ, ಮತ್ತು ಒಂದು ಸಾಲಿಗೆ ಸುಳ್ಳು ಬರೆದವರಿಗೆ ಉಳಿದ ಸಾಲುಗಳಿಗೂ ಹಾಗೆಯೇ ಬರೆಯಲು ಹಿಂಜರಿಕೆ ಇರುವುದಿಲ್ಲ. ಅಂಥ ಸಾಲುಗಳು ಸೇರಬೇಕಾದದ್ದು ದಾಸ್ತಾನು ತರಿಸುವ ಅಧಿಕಾರಿಯ ಪಟ್ಟಿಗೆ. ಪಟ್ಟಿಯಲ್ಲಿ ಇಲ್ಲ ಎಂದು ಬರೆದರೆ ಮುಂದೇನಾಗುತ್ತದೆ ಎಂಬುದೂ ಮೊದಲೇ ನಿರ್ಧಾರವಾಗಿರಬೇಕು. ಇಲ್ಲ ಎಂದವರಿಗೆ ಗದರಿಕೆ ಕಾದಿದ್ದರೆ ಮರುದಿನದಿಂದ ಯಾರೂ ಇಲ್ಲ ಎನ್ನುವುದಿಲ್ಲ. ಕೆಲಸ ನಿಲ್ಲಿಸುವ ಅಧಿಕಾರ ಪಟ್ಟಿ ಓದುವವರಿಗೆ ಇರಬೇಕು, ಆ ಅಧಿಕಾರವನ್ನು ಬಳಸಿದವರ ಬೆನ್ನಿಗೆ ಆಡಳಿತ ನಿಲ್ಲಬೇಕು.

ಭಾಷೆಯ ವಿಚಾರ ಈ ಜಿಲ್ಲೆಯ ಮಟ್ಟಿಗೆ ಬದಿಗೆ ಸರಿಸುವಂಥದಲ್ಲ. ಇಲ್ಲಿನ ಕಾರ್ಖಾನೆ, ಗೋದಾಮು, ಕಟ್ಟಡ ಕಾಮಗಾರಿಗಳಲ್ಲಿ ಸುತ್ತಲ ಹಳ್ಳಿಗಳಿಂದ ಬರುವ, ಕನ್ನಡ ಓದಬಲ್ಲ ಮಹಿಳೆಯರ ಜೊತೆಗೆ ಒಡಿಶಾ, ಬಿಹಾರ, ಅಸ್ಸಾಂಗಳಿಂದ ಬಂದ ಯುವಕರೂ ದುಡಿಯುತ್ತಾರೆ, ಆದರೆ ಪಟ್ಟಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಓದಲಾಗದ ಪಟ್ಟಿಗೆ ಸಹಿ ಹಾಕಿಸುವುದು ಸುರಕ್ಷತೆಯ ಹೊಣೆಯನ್ನು ಅದನ್ನು ಹೊರಲಾರದವರ ಹೆಗಲಿಗೆ ದಾಟಿಸುವ ಅನ್ಯಾಯ. ಕನ್ನಡದಲ್ಲಿ ಬರೆಯುವಾಗಲೂ ಕಚೇರಿಯ ಸಂಸ್ಕೃತಪದಗಳನ್ನು ಬಿಟ್ಟು, ಕೆಲಸದ ಜಾಗದಲ್ಲಿ ಜನ ಆಡುವ ವಾಲ್ವ್, ಬೆಲ್ಟ್, ಮೇನ್ ಸ್ವಿಚ್ ಎಂಬ ಮಾತುಗಳನ್ನೇ ಬಳಸಬೇಕು. ಭಾಷೆಗಳು ಹಲವಾದ ಕಡೆ ಆಯಾ ಯಂತ್ರದ್ದೇ ಫೋಟೊ ಹಾಕಿ, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಉತ್ತರಿಸುವ ಪದ್ಧತಿ ತರುವುದು ಒಳಿತು. ಅಕ್ಷರ ದೊಡ್ಡದಾಗಿ, ಹಾಳೆ ಒಂದೇ ಆಗಿ, ಕೆಲಸ ನಡೆಯುವ ಜಾಗದಲ್ಲೇ ತೂಗುಹಾಕಿರಬೇಕು ಎಂಬುದನ್ನು ಬೇರೆಯಾಗಿ ವಿವರಿಸುವ ಅಗತ್ಯವಿಲ್ಲ.

ಇಂಥ ಪಟ್ಟಿಯ ಕರಡನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಮುಗಿಸಲಾಗದು. ಹತ್ತು ವರ್ಷದಿಂದ ಆ ಯಂತ್ರದ ಮುಂದೆ ನಿಂತವರಿಗೆ ಅದು ಎಲ್ಲಿ ಕೈಕೊಡುತ್ತದೆಂದು ಗೊತ್ತಿರುತ್ತದೆ, ಕೆಲಸಕ್ಕೆ ಸೇರಿ ಹದಿನೈದು ದಿನವಾದವರಿಗೆ ಯಾವ ಸಾಲು ಅರ್ಥವಾಗುತ್ತಿಲ್ಲವೆಂದು ಗೊತ್ತಿರುತ್ತದೆ. ಕರಡು ಈ ಇಬ್ಬರ ಮುಂದೆಯೂ ಹೋಗಬೇಕು. ನಂತರ ಅದನ್ನು ರಾತ್ರಿ ಪಾಳಿಯಲ್ಲಿ, ಜನ ಕಡಿಮೆಯಿರುವ ಹಬ್ಬದ ಮರುದಿನ, ಸರಕು ಕಳುಹಿಸುವ ಗಡುವು ಹತ್ತಿರವಾದಾಗ ಬಳಸಿ ನೋಡಬೇಕು, ಏಕೆಂದರೆ ಪಟ್ಟಿ ಸೋಲುವುದು ಅಂಥ ಹೊತ್ತಿನಲ್ಲೇ. ಹಾಳೆಯ ಮೂಲೆಯಲ್ಲಿ ಅದು ಸಿದ್ಧವಾದ ದಿನಾಂಕವಿರಬೇಕು, ಹಾಗೂ ಕೂದಲೆಳೆಯಲ್ಲಿ ತಪ್ಪಿದ ಪ್ರತಿಯೊಂದು ಅಪಘಾತದ ಬಳಿಕ ಅದನ್ನು ಮತ್ತೆ ತೆರೆದು, ಈ ಘಟನೆಯನ್ನು ಹಿಡಿಯಬಹುದಾಗಿದ್ದ ಸಾಲು ಯಾವುದು ಎಂದೂ, ತಿಂಗಳುಗಳಿಂದ ಯಾವ ತಪ್ಪನ್ನೂ ಹಿಡಿಯದೆ ಜಾಗ ಕಬಳಿಸಿರುವ ಸಾಲು ಯಾವುದು ಎಂದೂ ಕೇಳಬೇಕು. ಹೊಸ ಸಾಲು ಸೇರಿಸುವ ದಿನವೇ ಹಳೆಯದೊಂದನ್ನು ತೆಗೆಯಲು ಸಾಧ್ಯವೇ ಎಂದು ನೋಡುವ ನಿಯಮವನ್ನು ಕಾರ್ಖಾನೆಯ ಸುರಕ್ಷತಾ ಸಮಿತಿ ಪಾಲಿಸಿದರೆ ಪಟ್ಟಿ ಒಂದೇ ಹಾಳೆಯಲ್ಲಿ ಉಳಿಯುತ್ತದೆ.